ಹೂಡಿಕೆ ರಿಯಾಯಿತಿಗಳು ಮತ್ತು ಹಿಂದುಳಿದ ಪ್ರದೇಶಗಳು: ಊರಿಗಾಂ–ಬಂಗಾರಪೇಟೆಯ ಲೆಕ್ಕ

ಕೈಗಾರಿಕೆಯಲ್ಲಿ ಹಿಂದುಳಿದ ಪ್ರದೇಶಗಳಿಗೆ ಬಂಡವಾಳವನ್ನು ಆಕರ್ಷಿಸುವ ಸಲುವಾಗಿ ತೆರಿಗೆ ವಿನಾಯಿತಿ, ಬಂಡವಾಳ ಸಹಾಯಧನ, ಮುದ್ರಾಂಕ ಶುಲ್ಕದ ರಿಯಾಯಿತಿ ಮುಂತಾದ ಉತ್ತೇಜನಗಳನ್ನು ನೀಡುವ ಪದ್ಧತಿ ನಮ್ಮ ದೇಶದಲ್ಲಿ ಅರ್ಧ ಶತಮಾನದಿಂದ ನಡೆದುಬಂದಿದೆ. ಪ್ರತಿ ಕೈಗಾರಿಕಾ ನೀತಿ ಪ್ರಕಟವಾದಾಗಲೂ ನಮ್ಮ ಸದಸ್ಯರು ಕೇಳುವ ಮೊದಲ ಪ್ರಶ್ನೆ, "ನಮ್ಮ ತಾಲ್ಲೂಕು ಯಾವ ವಲಯದಲ್ಲಿದೆ?" ಎಂಬುದು. ಅದಕ್ಕಿಂತ ಮುಖ್ಯವಾದ ಇನ್ನೊಂದು ಪ್ರಶ್ನೆಯನ್ನು ಕೇಳುವವರು ವಿರಳ: ವಲಯ ಯಾವುದೇ ಇರಲಿ, ಆ ರಿಯಾಯಿತಿಯಿಂದ ನಮ್ಮ ಊರಿಗೆ ಬರುವ ಉದ್ಯೋಗವೆಷ್ಟು, ನಮ್ಮ ಅಂಗಡಿಯ ಗಲ್ಲಾಕ್ಕೆ ಬೀಳುವ ಹಣವೆಷ್ಟು?

ಈ ಪ್ರಶ್ನೆಯನ್ನು ಕೇಳುವುದಕ್ಕೆ ಊರಿಗಾಂ, ಚಾಂಪಿಯನ್ ರೀಫ್, ಮಾರಿಕುಪ್ಪಂ, ರಾಬರ್ಟ್‌ಸನ್‌ಪೇಟೆ, ಬಂಗಾರಪೇಟೆಗಳಿಗಿಂತ ತಕ್ಕ ಸ್ಥಳ ಕರ್ನಾಟಕದಲ್ಲಿ ಇನ್ನೊಂದಿಲ್ಲ. ಕೋಲಾರದ ಚಿನ್ನದ ಗಣಿಗಳು 1956ರಲ್ಲಿ ರಾಷ್ಟ್ರೀಕರಣಗೊಂಡು ಮೈಸೂರು ಸರ್ಕಾರದ ಕೈಸೇರಿದವು. 1962ರಲ್ಲಿ ಕೇಂದ್ರ ಸರ್ಕಾರಕ್ಕೆ ಹಸ್ತಾಂತರವಾದವು. 1972ರಲ್ಲಿ ಭಾರತ್ ಗೋಲ್ಡ್ ಮೈನ್ಸ್ ಲಿಮಿಟೆಡ್ ಎಂಬ ಕಂಪನಿಯಾದವು. 2001ರ ಫೆಬ್ರವರಿ 28ರಂದು ಮುಚ್ಚಿದವು. ಒಂದು ಶತಮಾನಕ್ಕೂ ಮಿಕ್ಕಿ ವೇತನದ ದಿನವನ್ನು ನೆಚ್ಚಿಕೊಂಡು ಬೆಳೆದ ಪೇಟೆಗೆ ಅಂದಿನಿಂದ ಆ ದಿನ ಇಲ್ಲವಾಯಿತು. ಕಾಲು ಶತಮಾನ ಕಳೆದಿದೆ. ಈ ಅವಧಿಯಲ್ಲಿ ಕೇಂದ್ರವೂ ರಾಜ್ಯವೂ ಹತ್ತಾರು ಹೂಡಿಕೆ ರಿಯಾಯಿತಿಗಳನ್ನು ಪ್ರಕಟಿಸಿವೆ. ಕೋಲಾರ ಜಿಲ್ಲೆಗೆ ದೊಡ್ಡ ಕಾರ್ಖಾನೆಗಳು ಬಂದದ್ದೂ ನಿಜ. ಆದರೆ ಅವು ಗಣಿ ಪ್ರದೇಶದವರೆಗೆ ಬರಲಿಲ್ಲ. ಏಕೆ ಬರಲಿಲ್ಲ ಎಂಬುದನ್ನು ರಿಯಾಯಿತಿಗಳ ಸ್ವರೂಪದಲ್ಲಿಯೇ ಹುಡುಕಬೇಕಾಗಿದೆ.

ಗಡಿಯೊಳಗೆ ಬಂದರೂ ಬಾಗಿಲಲ್ಲೇ ನಿಲ್ಲುವ ಬಂಡವಾಳ

ಹಿಂದುಳಿದ ಪ್ರದೇಶವೆಂದು ಸರ್ಕಾರ ನಕ್ಷೆಯ ಮೇಲೆ ಒಂದು ಗೆರೆ ಎಳೆಯುತ್ತದೆ. ಆ ಗೆರೆ ಜಿಲ್ಲೆಯದಿರಬಹುದು, ತಾಲ್ಲೂಕಿನದಿರಬಹುದು, ಇಡೀ ರಾಜ್ಯದ್ದೇ ಇರಬಹುದು. ಗೆರೆಯ ಒಳಗೆ ಎಲ್ಲಿ ಕಾರ್ಖಾನೆ ಹಾಕಿದರೂ ರಿಯಾಯಿತಿ ಒಂದೇ. ಹಾಗಿರುವಾಗ ಲೆಕ್ಕ ಬಲ್ಲ ಉದ್ದಿಮೆದಾರನು ಏನು ಮಾಡುತ್ತಾನೆ? ಗೆರೆಯನ್ನು ದಾಟಿದ ಕೂಡಲೇ, ಮಹಾನಗರಕ್ಕೆ ಅತಿ ಸಮೀಪದ ಜಾಗದಲ್ಲಿ ನೆಲೆಯೂರುತ್ತಾನೆ. ರಿಯಾಯಿತಿಯೂ ದೊರೆಯಿತು, ಮಾರುಕಟ್ಟೆಯೂ ಕೈಗೆಟುಕುವಂತಿತ್ತು. ಇದರಲ್ಲಿ ಅವನ ತಪ್ಪೇನೂ ಇಲ್ಲ.

ನಮ್ಮ ನೆರೆಯ ಹೊಸೂರು ಇದಕ್ಕೆ ಹಳೆಯ ನಿದರ್ಶನ. ತಮಿಳುನಾಡಿನ ಸಿಪ್ಕಾಟ್ ಸಂಸ್ಥೆ 1970ರ ದಶಕದಲ್ಲಿ ಅಲ್ಲಿ ಕೈಗಾರಿಕಾ ಪ್ರದೇಶವನ್ನು ರೂಪಿಸಿತು. ಹೊಸೂರು ಆಗ ಧರ್ಮಪುರಿ ಜಿಲ್ಲೆಯಲ್ಲಿತ್ತು; ಧರ್ಮಪುರಿ ಹಿಂದುಳಿದ ಜಿಲ್ಲೆಯೆಂದು ಪರಿಗಣಿತವಾಗಿತ್ತು. ಅಶೋಕ್ ಲೇಲ್ಯಾಂಡ್, ಟಿವಿಎಸ್, ಮುಂದೆ ಟೈಟಾನ್ ಮುಂತಾದ ಕಂಪನಿಗಳು ಅಲ್ಲಿ ಕಾರ್ಖಾನೆ ತೆರೆದವು. ಹೊಸೂರಿನಿಂದ ಬೆಂಗಳೂರಿಗೆ ಇರುವ ದೂರ ಸುಮಾರು 40 ಕಿ.ಮೀ. ಮಾತ್ರ. ಜಿಲ್ಲೆಗೆ ದೊರೆತ ಹಿಂದುಳಿದ ಪಟ್ಟದ ಫಲವನ್ನು ಹೊಸೂರು ಉಂಡಿತು. ಅದೇ ಜಿಲ್ಲೆಯ ಒಳಭಾಗದ ಹರೂರು, ಪೆನ್ನಾಗರಂಗಳು ಮೊದಲಿದ್ದಲ್ಲೇ ಉಳಿದವು.

ಕೋಲಾರ ಜಿಲ್ಲೆಯಲ್ಲಿ ನಡೆದದ್ದೂ ಇದೇ. ಮಾಲೂರು, ವೇಮಗಲ್, ನರಸಾಪುರಗಳಲ್ಲಿ ಕೈಗಾರಿಕಾ ಪ್ರದೇಶಗಳು ಎದ್ದವು. ನರಸಾಪುರದಲ್ಲಿ ಹೋಂಡಾ ದ್ವಿಚಕ್ರ ವಾಹನ ಕಾರ್ಖಾನೆ 2013ರಲ್ಲಿ ಆರಂಭವಾಯಿತು. ವಿಸ್ಟ್ರಾನ್ ಕಂಪನಿ ಅಲ್ಲಿಯೇ 2020ರಲ್ಲಿ ಐಫೋನ್ ಜೋಡಣೆ ಆರಂಭಿಸಿತು. 2023ರಲ್ಲಿ ಅದು ಟಾಟಾ ಸಮೂಹದ ಪಾಲಾಯಿತು. ಜಿಲ್ಲೆಯ ಅಂಕಿ ಅಂಶಗಳನ್ನು ನೋಡುವ ಅಧಿಕಾರಿಗೆ ಕೋಲಾರ ಕೈಗಾರಿಕೀಕರಣದ ಹಾದಿಯಲ್ಲಿದೆ ಎನಿಸುವುದು ಸಹಜ. ಆದರೆ ಈ ಮೂರೂ ಪ್ರದೇಶಗಳು ಜಿಲ್ಲೆಯ ಪಶ್ಚಿಮ ಭಾಗದಲ್ಲಿ, ಬೆಂಗಳೂರಿನ ಕಡೆಗೆ ಇವೆ. ಊರಿಗಾಂ ಇರುವುದು ಪೂರ್ವದ ಅಂಚಿನಲ್ಲಿ, ಆಂಧ್ರದ ಗಡಿಗೆ ಹತ್ತಿರ. ಕೈಗಾರಿಕಾ ನೀತಿಗಳ ಭಾಷೆಯಲ್ಲಿ ಮಾತ್ರ ಇವೆಲ್ಲವೂ ಬೆಂಗಳೂರಿನ ಹೊರಗಿನ ಪ್ರದೇಶಗಳೇ. 2020–25ರ ರಾಜ್ಯ ಕೈಗಾರಿಕಾ ನೀತಿ ಬೆಂಗಳೂರು ನಗರ ಮತ್ತು ಗ್ರಾಮಾಂತರ ಜಿಲ್ಲೆಗಳನ್ನು ಮೂರನೆಯ ವಲಯವೆಂದು ಪ್ರತ್ಯೇಕಿಸಿ, ರಾಜ್ಯದ ಉಳಿದ ತಾಲ್ಲೂಕುಗಳನ್ನೆಲ್ಲ ಒಂದನೆಯ ಮತ್ತು ಎರಡನೆಯ ವಲಯಗಳಲ್ಲಿ ಹಂಚಿತು. ಹೊಸಕೋಟೆಯ ಗಡಿ ದಾಟಿ ಮಾಲೂರಿಗೆ ಕಾಲಿಟ್ಟರೆ ಸಾಕು, ವಲಯ ಬದಲಾಗುತ್ತದೆ. ಆ ಮೇಲೆ ಇನ್ನೂ ಐವತ್ತು ಕಿ.ಮೀ. ಮುಂದಕ್ಕೆ ಬರಲು ಉದ್ದಿಮೆದಾರನಿಗೆ ಕಾರಣವಾದರೂ ಏನು?

ಇದು ಹೊಸದಾಗಿ ಕಂಡುಹಿಡಿದ ಸಂಗತಿಯಲ್ಲ. 1978ರಲ್ಲಿ ಬಿ. ಶಿವರಾಮನ್ ಅವರ ಅಧ್ಯಕ್ಷತೆಯಲ್ಲಿ ನೇಮಕಗೊಂಡ ಹಿಂದುಳಿದ ಪ್ರದೇಶಗಳ ಅಭಿವೃದ್ಧಿಯ ರಾಷ್ಟ್ರೀಯ ಸಮಿತಿಯೇ ಇದನ್ನು ಗುರುತಿಸಿತ್ತು. ಕೇಂದ್ರದ ಬಂಡವಾಳ ಸಹಾಯಧನ ಯೋಜನೆ 1971ರಲ್ಲಿ ಆರಂಭವಾಗಿತ್ತು. ಅದರ ಹಣದಲ್ಲಿ ದೊಡ್ಡ ಪಾಲು, ಬೆಳೆದ ಕೈಗಾರಿಕಾ ಕೇಂದ್ರಗಳಿಗೆ ಅಂಟಿಕೊಂಡಿದ್ದ ಕೆಲವೇ ಜಿಲ್ಲೆಗಳಿಗೆ ಸಂದಿತ್ತು. ಎಲ್ಲೆಡೆ ಚೆಲ್ಲುವ ಬದಲು ಆಯ್ದ ಬೆಳವಣಿಗೆ ಕೇಂದ್ರಗಳಲ್ಲಿ ಮೂಲಸೌಕರ್ಯ ಒದಗಿಸಬೇಕೆಂದು ಸಮಿತಿ ಸಲಹೆ ಮಾಡಿತು. 1988ರಲ್ಲಿ ಸಹಾಯಧನ ಯೋಜನೆ ನಿಂತಿತು. ಅದೇ ವರ್ಷ ಬೆಳವಣಿಗೆ ಕೇಂದ್ರಗಳ ಯೋಜನೆ ಪ್ರಕಟವಾಯಿತು. ಅದರಲ್ಲಿ ಕರ್ನಾಟಕಕ್ಕೆ ಧಾರವಾಡ, ಹಾಸನ, ರಾಯಚೂರುಗಳು ದೊರೆತವು. ಚಿನ್ನದ ಗಣಿಗಳು ಆಗ ಇನ್ನೂ ನಡೆಯುತ್ತಿದ್ದುದರಿಂದ ಕೋಲಾರದ ಹೆಸರು ಎತ್ತಬೇಕೆಂದು ಯಾರಿಗೂ ತೋಚಿದಂತಿಲ್ಲ.

ಹಿಮಾಚಲ ಪ್ರದೇಶ ಮತ್ತು ಉತ್ತರಾಖಂಡಗಳಿಗೆ 2003ರಲ್ಲಿ ದೊರೆತ ಕೇಂದ್ರದ ಕೊಡುಗೆಯೂ ಇದೇ ಜಾಡಿನಲ್ಲಿ ಸಾಗಿತು. ಹೊಸ ಕಾರ್ಖಾನೆಗಳಿಗೆ ಹತ್ತು ವರ್ಷ ಅಬಕಾರಿ ಸುಂಕದಿಂದ ಪೂರ್ಣ ವಿನಾಯಿತಿ. ಆದಾಯ ತೆರಿಗೆ ಕಾಯ್ದೆಯ 80-ಐಸಿ ಕಲಮಿನಡಿ ಮೊದಲ ಐದು ವರ್ಷ ಲಾಭದ ಮೇಲೆ ಪೂರ್ಣ ವಿನಾಯಿತಿ, ನಂತರದ ಐದು ವರ್ಷ ಭಾಗಶಃ ವಿನಾಯಿತಿ. ಕೊಡುಗೆ ದೊಡ್ಡದೇ. ಫಲವಾಗಿ ಬಡ್ಡಿಯಲ್ಲಿ ಔಷಧ ತಯಾರಿಕೆ, ಹರಿದ್ವಾರ ಮತ್ತು ಪಂತನಗರಗಳಲ್ಲಿ ವಾಹನ ಹಾಗೂ ಗೃಹೋಪಯೋಗಿ ವಸ್ತುಗಳ ಕಾರ್ಖಾನೆಗಳು ನೆರೆದವು. ನಕ್ಷೆ ನೋಡಿದರೆ ಇವೆಲ್ಲವೂ ಬೆಟ್ಟದ ಬುಡದ ಬಯಲಿನಲ್ಲಿ, ನೆರೆರಾಜ್ಯದ ಗಡಿಗೆ ತಾಗಿಕೊಂಡೇ ಇವೆ. ಯಾವ ಗುಡ್ಡಗಾಡು ಜಿಲ್ಲೆಗಳ ಬಡತನವನ್ನು ತೋರಿಸಿ ಈ ರಿಯಾಯಿತಿಯನ್ನು ಪಡೆಯಲಾಗಿತ್ತೋ ಆ ಜಿಲ್ಲೆಗಳು ಮೇಲೆಯೇ ಉಳಿದವು. 2017ರ ಜುಲೈನಲ್ಲಿ ಜಿಎಸ್‌ಟಿ ಬಂದಾಗ ಅಬಕಾರಿ ಸುಂಕವೇ ಇಲ್ಲವಾಯಿತು. ಉಳಿದ ಅವಧಿಗೆ, ನಗದಾಗಿ ಕಟ್ಟಿದ ಕೇಂದ್ರ ಜಿಎಸ್‌ಟಿಯ ಶೇ. 58ರಷ್ಟನ್ನು ಹಿಂದಿರುಗಿಸುವ ವ್ಯವಸ್ಥೆಯನ್ನು ಕೇಂದ್ರ ಮಾಡಬೇಕಾಯಿತು.

ಗಡಿಯಾಚೆಯ ಶೇ. 15: ಅದರ ನಿಜ ಬೆಲೆ

ನಮ್ಮ ಮನೆಬಾಗಿಲಿನಲ್ಲೇ ನಡೆದ ಒಂದು ಪ್ರಯೋಗವನ್ನು ಸ್ವಲ್ಪ ವಿವರವಾಗಿ ನೋಡೋಣ. ಬಂಗಾರಪೇಟೆ ಜಂಕ್ಷನ್ನಿನಿಂದ ಜೋಲಾರ್‌ಪೇಟೆಯ ಕಡೆ ಹೊರಟ ರೈಲು ಕಾಮಸಮುದ್ರವನ್ನು ದಾಟಿ ಕುಪ್ಪಂ ಸೇರುತ್ತದೆ. ಬೇತಮಂಗಲದಿಂದ ಪೂರ್ವಕ್ಕೆ ಹೋದರೆ ವಿ. ಕೋಟ. ಇವೆರಡೂ ಆಂಧ್ರ ಪ್ರದೇಶದ ಚಿತ್ತೂರು ಜಿಲ್ಲೆಗೆ ಸೇರಿದವು. ಆಂಧ್ರದ ವಿಭಜನೆಯ ನಂತರ ಕೇಂದ್ರ ಸರ್ಕಾರ ಆದಾಯ ತೆರಿಗೆ ಕಾಯ್ದೆಗೆ 32-ಎಡಿ ಎಂಬ ಕಲಮನ್ನು ಸೇರಿಸಿತು. ಆಂಧ್ರ, ತೆಲಂಗಾಣ, ಬಿಹಾರ, ಪಶ್ಚಿಮ ಬಂಗಾಳಗಳ ಅಧಿಸೂಚಿತ ಹಿಂದುಳಿದ ಪ್ರದೇಶಗಳಲ್ಲಿ 2015ರ ಏಪ್ರಿಲ್ 1ರಿಂದ 2020ರ ಮಾರ್ಚ್ 31ರವರೆಗೆ ಹೊಸ ಯಂತ್ರೋಪಕರಣ ಅಳವಡಿಸಿದ ತಯಾರಿಕಾ ಘಟಕಗಳಿಗೆ ಯಂತ್ರದ ಬೆಲೆಯ ಶೇ. 15ರಷ್ಟನ್ನು ಆದಾಯದಿಂದ ಹೆಚ್ಚುವರಿಯಾಗಿ ಕಳೆಯಲು ಅವಕಾಶವಿತ್ತು. ಜೊತೆಗೆ ಹೆಚ್ಚುವರಿ ಸವಕಳಿಯ ದರವೂ ಶೇ. 20ರ ಬದಲು ಶೇ. 35 ಆಯಿತು. ಆಂಧ್ರದ ಏಳು ಜಿಲ್ಲೆಗಳು ಈ ಪಟ್ಟಿಯಲ್ಲಿದ್ದವು. ಅವುಗಳಲ್ಲಿ ಚಿತ್ತೂರು ಮತ್ತು ಅನಂತಪುರ ಎರಡೂ ಕರ್ನಾಟಕದ ಗಡಿ ಜಿಲ್ಲೆಗಳು. ಹೀಗೆ ಐದು ವರ್ಷ ಕಾಲ, ಗಣಿ ಮುಚ್ಚಿದ ಊರಿಗೆ ಇಲ್ಲದ ರಿಯಾಯಿತಿ ಪಕ್ಕದ ವಿ. ಕೋಟಕ್ಕೆ ಇತ್ತು. ನಮ್ಮ ಉದ್ದಿಮೆದಾರರಿಗೆ ಇದು ಅನ್ಯಾಯವೆಂದು ತೋರಿದರೆ ಆಶ್ಚರ್ಯವಿಲ್ಲ.

ಆದರೆ ಶೇ. 15 ಎಂದರೆ ಎಷ್ಟು? 10 ಕೋಟಿ ರೂ. ಯಂತ್ರ ಹಾಕಿದವನಿಗೆ 1.5 ಕೋಟಿ ರೂ. ಆದಾಯ ತೆರಿಗೆಯಿಂದ ಹೊರಗುಳಿಯುತ್ತದೆ. ತೆರಿಗೆಯ ದರ ಶೇ. 30 ಎಂದುಕೊಂಡರೆ ಉಳಿತಾಯ 45 ಲಕ್ಷ ರೂ. ಅಂದರೆ ಹೂಡಿಕೆಯ ಶೇ. 4.5 ಮಾತ್ರ. ಅದೂ ಆ ವರ್ಷ ಅಷ್ಟು ಲಾಭ ಬಂದಿದ್ದರೆ. ಹೆಚ್ಚುವರಿ ಸವಕಳಿಯಂತೂ ಇಂದು ಕಟ್ಟಬೇಕಾದ ತೆರಿಗೆಯನ್ನು ಮುಂದಕ್ಕೆ ತಳ್ಳುವ ಅನುಕೂಲವಷ್ಟೆ. ಮೊದಲೇ ಕಳೆದುಕೊಂಡ ಸವಕಳಿ ಮುಂದಿನ ವರ್ಷಗಳಲ್ಲಿ ಸಿಗುವುದಿಲ್ಲ.

ಈಗ ಇದೇ 45 ಲಕ್ಷವನ್ನು ಸಾಗಣೆಯ ಲೆಕ್ಕಕ್ಕೆ ಹಿಡಿಯೋಣ. ದಿನಕ್ಕೊಂದು ಲಾರಿ ಸರಕು ಕಳಿಸುವ ಘಟಕ ವರ್ಷದಲ್ಲಿ 300 ದಿನ ಕೆಲಸ ಮಾಡುತ್ತದೆ ಎನ್ನಿ. ದೂರದ ಕಾರಣದಿಂದ ಪ್ರತಿ ಸಾಗಣೆಗೆ 1,500 ರೂ. ಹೆಚ್ಚು ತಗಲಿದರೆ ವರ್ಷಕ್ಕೆ 4.5 ಲಕ್ಷ, ಹತ್ತು ವರ್ಷಕ್ಕೆ 45 ಲಕ್ಷ. ಬಡ್ಡಿಯನ್ನು ಬಿಟ್ಟು ಹೇಳುವುದಾದರೆ, ಸರ್ಕಾರ ಕೊಟ್ಟ ರಿಯಾಯಿತಿಯನ್ನು ಲಾರಿಯ ಬಾಡಿಗೆಯೇ ತಿಂದುಹಾಕಿತು. ಬಿಡಿಭಾಗ ಕೆಟ್ಟಾಗ ಬೆಂಗಳೂರಿನಿಂದ ಮೆಕ್ಯಾನಿಕ್ ಬರುವವರೆಗೆ ಯಂತ್ರ ನಿಲ್ಲುವ ನಷ್ಟ, ಗಿರಾಕಿ ಖುದ್ದಾಗಿ ಬಂದು ಮಾಲು ನೋಡದಿರುವ ನಷ್ಟ ಇದರಲ್ಲಿ ಸೇರಿಲ್ಲ. ಇವು ನಮ್ಮ ಊಹೆಯ ಅಂಕಿಗಳು. ಪ್ರತಿ ಸದಸ್ಯರೂ ತಮ್ಮ ತಮ್ಮ ಉದ್ದಿಮೆಯ ಅಂಕಿಗಳನ್ನು ಹಾಕಿ ನೋಡಿಕೊಳ್ಳಬಹುದು. ಬಾಡಿಗೆ ಬೇರೆ, ಸರಕು ಬೇರೆ. ಲೆಕ್ಕದ ಕ್ರಮ ಒಂದೇ.

ಆದ್ದರಿಂದಲೇ ಆಂಧ್ರದ ಈ ಎರಡು ಜಿಲ್ಲೆಗಳಲ್ಲಿಯೂ ಹೆಸರಾದ ಕೈಗಾರಿಕಾ ಪ್ರದೇಶಗಳು ನಿಂತ ಜಾಗಗಳನ್ನು ಗಮನಿಸಬೇಕು. 2019ರಲ್ಲಿ ಕಾರು ತಯಾರಿಕೆ ಆರಂಭಿಸಿದ ಕಿಯಾ ಕಾರ್ಖಾನೆ ಅನಂತಪುರ ಜಿಲ್ಲೆಯ ಪೆನುಕೊಂಡದ ಬಳಿ, ಬೆಂಗಳೂರು–ಹೈದರಾಬಾದ್ ಹೆದ್ದಾರಿಯ ಮಗ್ಗುಲಲ್ಲಿದೆ (2022ರಿಂದ ಆ ಪ್ರದೇಶ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ). ಅಂದಿನ ಚಿತ್ತೂರು ಜಿಲ್ಲೆಯ ಶ್ರೀಸಿಟಿ ಈ ಕಲಮಿಗಿಂತ ಮೊದಲೇ ಹುಟ್ಟಿದ್ದು. ಅದು ಜಿಲ್ಲೆಯ ಪೂರ್ವ ತುದಿಯಲ್ಲಿ, ಚೆನ್ನೈಗೆ ಸಮೀಪದಲ್ಲಿದೆ. ಇದೇ ಗೆರೆಯೊಳಗೆ ಇದ್ದ ಕುಪ್ಪಂ ಮತ್ತು ವಿ. ಕೋಟಗಳ ಹೆಸರು ಆ ಸಾಲಿನಲ್ಲಿ ಸೇರಲಿಲ್ಲ. ಪಕ್ಕದೂರಿಗೆ ಸಿಕ್ಕಿದ ರಿಯಾಯಿತಿ ನಮಗೆ ಸಿಗಲಿಲ್ಲವೆಂದು ನಾವು ಕೊರಗುವ ಮುನ್ನ ಪಕ್ಕದೂರಿಗೆ ಅದರಿಂದ ಏನು ಸಿಕ್ಕಿತೆಂದು ನೋಡಿಬರುವುದು ಒಳ್ಳೆಯದು.

ಸಣ್ಣ ಉದ್ದಿಮೆದಾರನ ಪಾಲಿಗೆ

ಲಾಭದ ಮೇಲಿನ ತೆರಿಗೆ ವಿನಾಯಿತಿ ಲಾಭವಿದ್ದವನಿಗೆ ಮಾತ್ರ ಉಪಯೋಗಕ್ಕೆ ಬರುತ್ತದೆ. ಹೊಸ ಸಣ್ಣ ಘಟಕ ಮೊದಲ ಎರಡು ಮೂರು ವರ್ಷ ಲಾಭ ಕಾಣುವುದು ಅಪರೂಪ. ಬ್ಯಾಂಕಿನ ಬಡ್ಡಿ, ಸವಕಳಿ, ಗಿರಾಕಿಯನ್ನು ಹುಡುಕುವ ಖರ್ಚು ಎಲ್ಲ ಕಳೆದ ಮೇಲೆ ತೆರಿಗೆ ಕಟ್ಟುವಷ್ಟು ಉಳಿಯದವನಿಗೆ ತೆರಿಗೆ ಮನ್ನಾ ಮಾಡಿ ಫಲವೇನು? 1974ರಲ್ಲಿ ಬಂದ 80-ಎಚ್‌ಎಚ್ ಕಲಮು ಹಿಂದುಳಿದ ಪ್ರದೇಶದ ಹೊಸ ಘಟಕಗಳ ಲಾಭದಲ್ಲಿ ಶೇ. 20ರಷ್ಟನ್ನು ಹತ್ತು ವರ್ಷ ತೆರಿಗೆಯಿಂದ ಬಿಟ್ಟಿತ್ತು. ಅದರ ಸ್ವರೂಪವೇ ಹಾಗಿತ್ತು: ಮೊದಲ ವರ್ಷದಿಂದಲೇ ಲಾಭ ತೋರಿಸಬಲ್ಲ ದೊಡ್ಡ ಕಂಪನಿಗಳಿಗೆ ಅದು ಹೊಂದುತ್ತಿತ್ತು.

2019ರಲ್ಲಿ ಕೇಂದ್ರ ಸರ್ಕಾರ ಹೊಸ ತಯಾರಿಕಾ ಕಂಪನಿಗಳಿಗೆ ಶೇ. 15ರ ಮೂಲ ದರದ ಆದಾಯ ತೆರಿಗೆಯನ್ನು ನಿಗದಿ ಮಾಡಿತು. 2024ರ ಮಾರ್ಚ್ 31ರೊಳಗೆ ಉತ್ಪಾದನೆ ಆರಂಭಿಸಿದ ಕಂಪನಿಗಳಿಗೆ ಇದು ಅನ್ವಯಿಸಿತು. ಇಲ್ಲಿ ಎರಡು ಸೂಕ್ಷ್ಮಗಳಿವೆ. ಮೊದಲನೆಯದು, ಈ ದರ ದೇಶದ ಯಾವ ಮೂಲೆಗೂ ಒಂದೇ. ಬೆಂಗಳೂರಿನ ಪೀಣ್ಯದಲ್ಲಿ ಹಾಕಿದರೂ ಅಷ್ಟೇ, ಬಂಗಾರಪೇಟೆಯಲ್ಲಿ ಹಾಕಿದರೂ ಅಷ್ಟೇ. ಎರಡನೆಯದು, ಇದು ಕಂಪನಿಗಳಿಗೆ ಮಾತ್ರ. ನಮ್ಮ ಸದಸ್ಯರಲ್ಲಿ ಬಹುಪಾಲು ಜನ ಪಾಲುದಾರಿಕೆಯಲ್ಲಿಯೋ ಸ್ವಂತ ಹೆಸರಿನಲ್ಲಿಯೋ ವ್ಯವಹಾರ ನಡೆಸುವವರು. ದೊಡ್ಡ ಪತ್ರಿಕೆಗಳಲ್ಲಿ ಮುಖಪುಟದ ಸುದ್ದಿಯಾದ ಈ ಇಳಿಕೆ ಅವರ ಲೆಕ್ಕಪುಸ್ತಕವನ್ನು ಮುಟ್ಟಲೇ ಇಲ್ಲ.

ಬಂಡವಾಳ ಸಹಾಯಧನ ಇದಕ್ಕಿಂತ ಮೇಲು. ಲಾಭವಿರಲಿ ಬಿಡಲಿ, ಹಣ ಕೈಗೆ ಬರುತ್ತದೆ. ಬರುವುದು ಯಾವಾಗ ಎಂಬುದಷ್ಟೇ ಪ್ರಶ್ನೆ. ಒಂದು ಕೋಟಿ ರೂ. ಹೂಡಿಕೆಗೆ ಶೇ. 25 ಸಹಾಯಧನವೆಂದು ಹಿಡಿದರೆ 25 ಲಕ್ಷ. ಮಂಜೂರಾತಿ ಪತ್ರ ಬಂದು, ಆಯವ್ಯಯದಲ್ಲಿ ಹಣ ಒದಗಿ, ಖಾತೆಗೆ ಜಮಾ ಆಗುವಷ್ಟರಲ್ಲಿ ಎರಡು ವರ್ಷ ಕಳೆದರೆ, ಶೇ. 12ರ ಬಡ್ಡಿಯಂತೆ 6 ಲಕ್ಷ ರೂ. ಬ್ಯಾಂಕಿನ ಪಾಲಾಗುತ್ತದೆ. ದೊಡ್ಡ ಕಂಪನಿ ಈ ವಿಳಂಬವನ್ನು ತಾಳಿಕೊಳ್ಳಬಲ್ಲದು. ಸಣ್ಣವನು ಅಷ್ಟರಲ್ಲಿ ಚಾಲ್ತಿ ಬಂಡವಾಳವಿಲ್ಲದೆ ಪಾಳಿಯನ್ನು ನಿಲ್ಲಿಸಿರುತ್ತಾನೆ. ಸಹಾಯಧನದ ಪ್ರಮಾಣವನ್ನು ಶೇ. 25ರಿಂದ 30ಕ್ಕೆ ಏರಿಸಬೇಕೆಂದು ಮನವಿ ಕೊಡುವುದಕ್ಕಿಂತ, ಅದು ತೊಂಬತ್ತು ದಿನಗಳಲ್ಲಿ ಬರಲಿ ಎಂದು ಮನವಿ ಕೊಡುವುದು ಲಾಭದಾಯಕ ಎಂದು ಈ ಲೇಖಕನ ಅಭಿಪ್ರಾಯ.

ಇನ್ನೊಂದು ಮಾತು. ಯಂತ್ರದ ಬೆಲೆಗೆ ತಕ್ಕಂತೆ ಕೊಡುವ ರಿಯಾಯಿತಿ ಯಂತ್ರವನ್ನೇ ಹೆಚ್ಚಿಸುತ್ತದೆ. 10 ಕೋಟಿಯ ಸ್ವಯಂಚಾಲಿತ ಘಟಕದಲ್ಲಿ 20 ಜನ ಕೆಲಸ ಮಾಡಿದರೆ, ಮೇಲೆ ಹೇಳಿದ 45 ಲಕ್ಷದ ರಿಯಾಯಿತಿ ತಲೆಗೆ 2.25 ಲಕ್ಷ ಬೀಳುತ್ತದೆ. ಅಷ್ಟೇ ಹಣದ ಘಟಕದಲ್ಲಿ 200 ಜನ ದುಡಿದರೆ ತಲೆಗೆ 22,500. ಸರ್ಕಾರದ ಖಜಾನೆಗೆ ಎರಡೂ ಒಂದೇ ಖರ್ಚು. ರಾಬರ್ಟ್‌ಸನ್‌ಪೇಟೆಯ ದಿನಸಿ ಅಂಗಡಿಗೆ, ಜವಳಿ ಅಂಗಡಿಗೆ ಇವೆರಡರ ನಡುವಿನ ಅಂತರ ಅಜಗಜಾಂತರ. ಗಣಿ ಮುಚ್ಚಿದ ಊರಿನ ಸಮಸ್ಯೆ ಯಂತ್ರಗಳ ಕೊರತೆಯದಲ್ಲ. ವೇತನದ ಮೇಲೆ, ಭವಿಷ್ಯ ನಿಧಿ ಮತ್ತು ಇ.ಎಸ್.ಐ. ವಂತಿಗೆಯ ಮೇಲೆ ನೀಡುವ ನೆರವು ಇಂತಹ ಊರಿಗೆ ಹೆಚ್ಚು ಹೊಂದುತ್ತದೆ. ರಾಜ್ಯದ ಜವಳಿ ನೀತಿಯಲ್ಲಿ ಇಂತಹ ಅಂಶಗಳು ಈ ಮೊದಲೇ ಬಂದಿವೆ.

ಸೀಸನ್ ಟಿಕೆಟ್ಟಿನ ರಿಯಾಯಿತಿ

ಹಾಗಾದರೆ ಗಣಿ ಮುಚ್ಚಿದ ಮೇಲೂ ಪೇಟೆ ಬದುಕಿದ್ದು ಹೇಗೆ? ಒಂದು ಆಸರೆ ಬೆಮೆಲ್. 1964ರಲ್ಲಿ ಸ್ಥಾಪನೆಯಾದ ಈ ಸಾರ್ವಜನಿಕ ಉದ್ದಿಮೆಯನ್ನು ಇಲ್ಲಿಗೆ ತಂದದ್ದು ಯಾವ ತೆರಿಗೆ ರಿಯಾಯಿತಿಯೂ ಅಲ್ಲ, ಸರ್ಕಾರದ ನೇರ ನಿರ್ಧಾರ. ಇನ್ನೊಂದು ಆಸರೆ ರೈಲು. ಮಾರಿಕುಪ್ಪಂನಿಂದ ಚಾಂಪಿಯನ್, ಊರಿಗಾಂ, ಕೋರಮಂಡಲ್, ಬೆಮೆಲ್ ನಗರಗಳ ಮೂಲಕ ಬಂಗಾರಪೇಟೆಗೆ ಬಂದು ಬೆಂಗಳೂರಿಗೆ ಹೋಗುವ ಬೆಳಗಿನ ಗಾಡಿಗಳಲ್ಲಿ ದಿನವೂ ಸಾವಿರಾರು ಜನ ದುಡಿಯಲು ಹೋಗಿ ರಾತ್ರಿ ಮರಳುತ್ತಾರೆ. ಎಂ.ಜಿ. ಮಾರುಕಟ್ಟೆಯ ಸಂಜೆಯ ವ್ಯಾಪಾರದಲ್ಲಿ ಬೆಂಗಳೂರಿನ ಸಂಬಳದ ಪಾಲು ದೊಡ್ಡದು ಎಂಬುದನ್ನು ನಮ್ಮ ವರ್ತಕರಿಗೆ ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲೊಂದು ವಿಚಿತ್ರವಿದೆ. ರೈಲ್ವೆಯ ಅಗ್ಗದ ಸೀಸನ್ ಟಿಕೆಟ್ಟು ಕೆ.ಜಿ.ಎಫ್.ಗೆ ದೊರೆತ ಅತಿ ದೊಡ್ಡ ರಿಯಾಯಿತಿಯೆಂದರೆ ತಪ್ಪಾಗಲಾರದು. ಅದು ಯಾವ ಕೈಗಾರಿಕಾ ನೀತಿಯಲ್ಲಿಯೂ ನಮೂದಾಗಿಲ್ಲ. ಉದ್ಯೋಗ ಕಾರ್ಮಿಕನಿದ್ದಲ್ಲಿಗೆ ಬರಲಿಲ್ಲವಾದ್ದರಿಂದ ಕಾರ್ಮಿಕನು ಉದ್ಯೋಗವಿದ್ದಲ್ಲಿಗೆ ಹೋದನು. ಇದರ ಇನ್ನೊಂದು ಮಗ್ಗುಲೂ ಉಂಟು: ಬೆಂಗಳೂರಿನ ಉದ್ದಿಮೆದಾರನಿಗೆ ಕೆ.ಜಿ.ಎಫ್.ನ ನುರಿತ ಕೈಗಳು ಅಲ್ಲೇ ಸಿಗುವಾಗ ಅವನು ಇಲ್ಲಿಗೆ ಬಂದು ಕಾರ್ಖಾನೆ ಹಾಕುವ ಅಗತ್ಯವೇ ಇಲ್ಲವಾಗಿದೆ. ನಾಲ್ಕೈದು ಗಂಟೆಗಳನ್ನು ಪ್ರಯಾಣದಲ್ಲಿ ಕಳೆಯುವವರು ಮಾತ್ರ ಈ ರಿಯಾಯಿತಿಯ ಬೆಲೆಯನ್ನು ತಮ್ಮ ನಿದ್ದೆಯಿಂದ ತೆರುತ್ತಿದ್ದಾರೆ.

ಊರಿಗಾಂನ ಹಳೆಯ ಚರಿತ್ರೆಯೂ ಇಲ್ಲಿ ನೆನಪಿಗೆ ಬರುತ್ತದೆ. 1880ರಲ್ಲಿ ಜಾನ್ ಟೇಲರ್ ಅಂಡ್ ಸನ್ಸ್ ಇಲ್ಲಿಗೆ ಬಂದ ಮೇಲೆ ಮೈಸೂರು ಸಂಸ್ಥಾನ ಕಂಪನಿಗಳಿಂದ ರಾಜಧನವನ್ನು ವಸೂಲು ಮಾಡುತ್ತಲೇ ಇತ್ತು. ಅದು ಒದಗಿಸಿದ್ದು ಸೌಕರ್ಯವನ್ನು. ಬಂಗಾರಪೇಟೆಯಿಂದ ಗಣಿಗಳವರೆಗೆ ರೈಲು ಬಂತು; ಬೇತಮಂಗಲದಿಂದ ನೀರು ಬಂತು; 1902ರಲ್ಲಿ ಶಿವನಸಮುದ್ರದಿಂದ ನೂರು ಕಿ.ಮೀ.ಗೂ ಮಿಕ್ಕಿದ ತಂತಿಯ ಮೇಲೆ ವಿದ್ಯುತ್ತು ಬಂತು, ಬೆಂಗಳೂರಿಗಿಂತ ಮೊದಲೇ. ನೆಲದಡಿ ಚಿನ್ನವಿದ್ದುದರಿಂದ ಬಂಡವಾಳ ಬಂತೇ ಹೊರತು ವಿದ್ಯುತ್ತಿನಿಂದಲ್ಲ ಎಂಬ ಆಕ್ಷೇಪ ಸರಿಯಾದದ್ದೇ. ಆದರೂ ಆ ವಿದ್ಯುತ್ತಿಗೆ ಕಂಪನಿಗಳು ದರ ತೆತ್ತವು, ಸಂಸ್ಥಾನಕ್ಕೆ ಆದಾಯ ಬಂತು, ತಂತಿ ಮತ್ತು ಹಳಿಗಳು ಇಲ್ಲೇ ಉಳಿದವು. ಮನ್ನಾ ಮಾಡಿದ ತೆರಿಗೆ ಹೀಗೆ ಊರಿನಲ್ಲಿ ಉಳಿಯುವುದಿಲ್ಲ. ಅವಧಿ ಮುಗಿದ ಮೇಲೆ ಕಂಪನಿ ಮತ್ತೊಂದು ರಾಜ್ಯದ ಹೊಸ ರಿಯಾಯಿತಿಯನ್ನು ಅರಸಿ ಹೋಗಬಹುದು. ಈ ಪೈಪೋಟಿಯಿಂದ ರಾಜ್ಯಗಳ ಖಜಾನೆ ಬರಿದಾಗುವುದನ್ನು ಕಂಡೇ, 1999ರ ನವೆಂಬರ್‌ನಲ್ಲಿ ಸೇರಿದ ಮುಖ್ಯಮಂತ್ರಿಗಳು 2000ದ ಜನವರಿ 1ರಿಂದ ಮಾರಾಟ ತೆರಿಗೆ ಆಧಾರಿತ ಉತ್ತೇಜನಗಳನ್ನು ನಿಲ್ಲಿಸಲು ಒಪ್ಪಿದ್ದರು. ಪೈಪೋಟಿ ನಿಲ್ಲಲಿಲ್ಲ, ರೂಪ ಬದಲಿಸಿತು.

ಹೆದ್ದಾರಿ, ಜಮೀನು ಮತ್ತು ನಾವು

ಈಗ ಪರಿಸ್ಥಿತಿ ಬದಲಾಗುತ್ತಿದೆ. ಬೆಂಗಳೂರು–ಚೆನ್ನೈ ಎಕ್ಸ್‌ಪ್ರೆಸ್ ಹೆದ್ದಾರಿಯಲ್ಲಿ ಹೊಸಕೋಟೆಯಿಂದ ಬೇತಮಂಗಲದವರೆಗಿನ ಸುಮಾರು 70 ಕಿ.ಮೀ. ಭಾಗ 2024ರ ಡಿಸೆಂಬರ್‌ನಲ್ಲಿ ವಾಹನಗಳಿಗೆ ತೆರೆಯಿತು. ಮೇಲೆ ಲೆಕ್ಕ ಹಾಕಿದ 1,500 ರೂ.ಗಳ ಹೆಚ್ಚುವರಿ ಸಾಗಣೆ ವೆಚ್ಚದಲ್ಲಿ ಒಂದು ಭಾಗವನ್ನು ಈ ರಸ್ತೆ ಅಳಿಸಬಲ್ಲದು. ಟೋಲ್ ಎಷ್ಟಾಗುತ್ತದೆ ಎಂಬುದನ್ನು ಕಳೆದು ನೋಡಬೇಕು. ಇನ್ನೊಂದೆಡೆ ಬಿ.ಜಿ.ಎಂ.ಎಲ್. ಒಡೆತನದ ಸುಮಾರು 12 ಸಾವಿರ ಎಕರೆಯಲ್ಲಿ, ಚಿನ್ನದ ನಿಕ್ಷೇಪವಿಲ್ಲದ ಸುಮಾರು 3,200 ಎಕರೆಯನ್ನು ಕೈಗಾರಿಕಾ ಟೌನ್‌ಶಿಪ್‌ಗೆ ಪಡೆಯುವ ಪ್ರಸ್ತಾಪವನ್ನು ರಾಜ್ಯ ಸರ್ಕಾರ ಕೇಂದ್ರದ ಮುಂದೆ ಇಟ್ಟಿತು. 2024ರ ಜೂನ್‌ನಲ್ಲಿ, ಸೈನೈಡ್ ದಿಬ್ಬಗಳಿಂದ ಚಿನ್ನ ತೆಗೆಯುವ ಕೇಂದ್ರದ ಯೋಜನೆಗೆ ರಾಜ್ಯ ಸಚಿವ ಸಂಪುಟ ಒಪ್ಪಿಗೆ ನೀಡಿತು. ಆ ದಿಬ್ಬಗಳು ಹರಡಿರುವುದು ಸಾವಿರ ಎಕರೆಗೂ ಹೆಚ್ಚು ಜಾಗದಲ್ಲಿ. 2025ರ ಫೆಬ್ರವರಿಯಲ್ಲಿ ಪ್ರಕಟವಾದ 2025–30ರ ಕೈಗಾರಿಕಾ ನೀತಿ ಉದ್ದಿಮೆದಾರರಿಗೆ ಬಂಡವಾಳ ಸಹಾಯಧನ ಅಥವಾ ಉತ್ಪಾದನೆ ಆಧಾರಿತ ಉತ್ತೇಜನ ಇವೆರಡರಲ್ಲಿ ಒಂದನ್ನು ಆರಿಸಿಕೊಳ್ಳುವ ಅವಕಾಶ ನೀಡಿದೆ.

ಇಂತಹ ಸಂದರ್ಭದಲ್ಲಿ ಇಂಗ್ಲೆಂಡಿನ ಕಾರ್ಬಿ ಪಟ್ಟಣದ ಅನುಭವವನ್ನು ತಿಳಿದಿರುವುದು ಒಳಿತು. ಉಕ್ಕಿನ ಕಾರ್ಖಾನೆಯನ್ನೇ ನೆಚ್ಚಿದ್ದ ಆ ಊರಿನಲ್ಲಿ 1980ರಲ್ಲಿ ಉಕ್ಕು ತಯಾರಿಕೆ ನಿಂತಿತು. 1981ರಲ್ಲಿ ಅದನ್ನು ಉದ್ದಿಮೆ ವಲಯವೆಂದು ಘೋಷಿಸಿ, ಹತ್ತು ವರ್ಷ ಸ್ಥಳೀಯ ಆಸ್ತಿ ತೆರಿಗೆಯನ್ನು ಮನ್ನಾ ಮಾಡಿ, ಕಟ್ಟಡದ ಹೂಡಿಕೆಯನ್ನು ಪೂರ್ಣವಾಗಿ ಆದಾಯದಿಂದ ಕಳೆಯಲು ಬಿಟ್ಟರು. ಅಲ್ಲಿಗೆ ಹೊಸ ಉದ್ದಿಮೆಗಳು ಬಂದವು. ಆದರೆ ಬ್ರಿಟನ್ನಿನ ಇಂತಹ ವಲಯಗಳನ್ನೆಲ್ಲ ಪರಿಶೀಲಿಸಿದವರು ಎರಡು ಅಂಶಗಳನ್ನು ಕಂಡರು. ವಲಯದೊಳಗಿನ ಉದ್ಯೋಗಗಳಲ್ಲಿ ಗಣನೀಯ ಭಾಗ ಅಕ್ಕಪಕ್ಕದ ಊರುಗಳಿಂದ ಜಾಗ ಬದಲಿಸಿದ ಉದ್ದಿಮೆಗಳದ್ದಾಗಿತ್ತು. ಎರಡನೆಯದಾಗಿ, ತೆರಿಗೆ ಮನ್ನಾ ಆದ ಕಡೆ ಜಾಗದ ಬಾಡಿಗೆ ಏರಿತು; ಉದ್ದಿಮೆಗೆಂದು ಬಿಟ್ಟ ತೆರಿಗೆಯಲ್ಲಿ ಒಂದು ಪಾಲು ಭೂಮಾಲೀಕನ ಜೇಬಿಗೆ ಹೋಯಿತು. ಹೆದ್ದಾರಿಯ ಅಂಚಿನಲ್ಲಿ ಜಮೀನು ಹಿಡಿದಿಟ್ಟುಕೊಂಡಿರುವ ನಮ್ಮ ಕಡೆಯ ಕೆಲವು ಮಿತ್ರರಿಗೆ ಇದು ಶುಭವಾರ್ತೆಯಾಗಿ ಕೇಳಿಸಬಹುದು. ಶೆಡ್ಡು ಹುಡುಕುತ್ತಿರುವ ಸಣ್ಣ ಉದ್ದಿಮೆದಾರನಿಗೆ ಅಲ್ಲ. ಬಿ.ಜಿ.ಎಂ.ಎಲ್. ಜಮೀನಿನಲ್ಲಿ ಒಂದು ಭಾಗವನ್ನು ಆರಂಭದಲ್ಲಿಯೇ ಸಣ್ಣ ಘಟಕಗಳಿಗೆ ಮೀಸಲಿಟ್ಟು, ನಿಗದಿತ ಬಾಡಿಗೆಯ ಸಿದ್ಧ ಶೆಡ್ಡುಗಳಾಗಿ ಕೊಡಬೇಕೆಂದು ಒತ್ತಾಯಿಸುವುದಕ್ಕೆ ಇದೇ ಕಾರಣ.

ಉದ್ಯೋಗದ ಷರತ್ತನ್ನೂ ನೋಡಬೇಕು. ರಾಜ್ಯದ ಕೈಗಾರಿಕಾ ನೀತಿಗಳು ರಿಯಾಯಿತಿ ಪಡೆಯುವ ಘಟಕಗಳಲ್ಲಿ ಒಟ್ಟಾರೆ ಶೇ. 70 ಮತ್ತು 'ಡಿ' ದರ್ಜೆಯಲ್ಲಿ ಶೇ. 100 ಉದ್ಯೋಗ ಕನ್ನಡಿಗರಿಗೆ ದೊರೆಯಬೇಕೆಂದು ಹೇಳುತ್ತ ಬಂದಿವೆ. ಇಲ್ಲಿ ಸ್ಥಳೀಯರೆಂದರೆ ಇಡೀ ರಾಜ್ಯದವರು. ಊರಿಗಾಂನಲ್ಲಿ ಸ್ಥಾಪನೆಯಾದ ಕಾರ್ಖಾನೆ ತನ್ನ ಬಸ್ಸಿನಲ್ಲಿ ಬೇರೆ ಜಿಲ್ಲೆಗಳ ಕಾರ್ಮಿಕರನ್ನು ಕರೆತಂದರೂ ಷರತ್ತು ಈಡೇರುತ್ತದೆ. ಗಣಿ ಕಾರ್ಮಿಕರ ಮಕ್ಕಳಿಗೆ ಉದ್ಯೋಗ ಸಿಗಬೇಕಾದರೆ ತಾಲ್ಲೂಕು ಮಟ್ಟದ ಗುರಿಯನ್ನು ಜಮೀನು ಹಂಚಿಕೆಯ ಕರಾರಿನಲ್ಲೇ ಬರೆಯಬೇಕಾಗುತ್ತದೆ. ಮುಖ್ಯ ಕಾರ್ಖಾನೆಯ ಖರೀದಿಯಲ್ಲಿ ಸ್ಥಳೀಯ ಸಣ್ಣ ಘಟಕಗಳ ಪಾಲಿನ ಬಗ್ಗೆಯೂ ಇದೇ ಮಾತು.

ಕೊನೆಯದಾಗಿ ವಲಯದ ನಕ್ಷೆಯ ವಿಚಾರ. ಡಾ. ಡಿ.ಎಂ. ನಂಜುಂಡಪ್ಪ ಸಮಿತಿ 2002ರಲ್ಲಿ ವರದಿ ನೀಡಿದಾಗ ರಾಜ್ಯದಲ್ಲಿ ಇದ್ದದ್ದು 175 ತಾಲ್ಲೂಕುಗಳು. ಅವುಗಳಲ್ಲಿ 114ನ್ನು ಹಿಂದುಳಿದವೆಂದು ಗುರುತಿಸಿ, 39 ಅತ್ಯಂತ ಹಿಂದುಳಿದ, 40 ಅತಿ ಹಿಂದುಳಿದ, 35 ಹಿಂದುಳಿದ ತಾಲ್ಲೂಕುಗಳೆಂದು ವಿಂಗಡಿಸಲಾಯಿತು. ಕೃಷಿ, ಕೈಗಾರಿಕೆ, ಆರ್ಥಿಕ ಮತ್ತು ಸಾಮಾಜಿಕ ಸೌಕರ್ಯ, ಜನಸಂಖ್ಯೆ ಇವುಗಳಿಗೆ ಸಂಬಂಧಿಸಿದ 35 ಸೂಚಕಗಳು ಈ ವಿಂಗಡಣೆಗೆ ಆಧಾರ. ಆಗ ಚಿನ್ನದ ಗಣಿ ಪ್ರದೇಶ ಬಂಗಾರಪೇಟೆ ತಾಲ್ಲೂಕಿನ ಭಾಗವಾಗಿತ್ತು. ಗಣಿ ಮುಚ್ಚಿ ಎರಡು ವರ್ಷವೂ ಸರಿಯಾಗಿ ಕಳೆದಿರಲಿಲ್ಲ. ಬ್ರಿಟಿಷರ ಕಾಲದಿಂದ ಬಂದ ಶಾಲೆ, ಆಸ್ಪತ್ರೆ, ರೈಲು ನಿಲ್ದಾಣಗಳು, ಬ್ಯಾಂಕುಗಳು ಎಲ್ಲವೂ ಇದ್ದ ಪಟ್ಟಣವದು. ಸೌಕರ್ಯಗಳನ್ನು ಎಣಿಸುವ ಸೂಚ್ಯಂಕಕ್ಕೆ ಅವು ಕಾಣುತ್ತವೆ. ಕಳೆದುಹೋದ ವೇತನ ಕಾಣುವುದಿಲ್ಲ. ಎಂದೂ ಬೆಳೆಯದ ಊರನ್ನು ಅಳೆಯಲು ಮಾಡಿದ ಅಳತೆಗೋಲು, ಬೆಳೆದು ಕುಸಿದ ಊರನ್ನು ಅಳೆಯಲಾರದು.

ಕೆ.ಜಿ.ಎಫ್. ಈಗ ಪ್ರತ್ಯೇಕ ತಾಲ್ಲೂಕು. 2017ರ ರಾಜ್ಯ ಆಯವ್ಯಯದಲ್ಲಿ ಘೋಷಿಸಿದ 49 ಹೊಸ ತಾಲ್ಲೂಕುಗಳಲ್ಲಿ ಅದೂ ಒಂದು. ಪ್ರಾದೇಶಿಕ ಅಸಮತೋಲನವನ್ನು ಮತ್ತೆ ಅಧ್ಯಯನ ಮಾಡಲು ಪ್ರೊ. ಎಂ. ಗೋವಿಂದರಾವ್ ಅವರ ಅಧ್ಯಕ್ಷತೆಯ ಸಮಿತಿಯನ್ನು ರಾಜ್ಯ ಸರ್ಕಾರ 2024ರಲ್ಲಿ ನೇಮಿಸಿತು. ಹೊಸ ತಾಲ್ಲೂಕುಗಳ ಲೆಕ್ಕದಲ್ಲಿ ಬಂಗಾರಪೇಟೆಗೂ ಕೆ.ಜಿ.ಎಫ್.ಗೂ ಬೇರೆ ಬೇರೆ ಸಾಲುಗಳಿರಬೇಕು. ಆ ಸಾಲಿನಲ್ಲಿ ಶಾಲೆಗಳ ಸಂಖ್ಯೆಯ ಜೊತೆಗೆ, ತಾಲ್ಲೂಕಿನೊಳಗೇ ತಯಾರಿಕೆಯಲ್ಲಿ ಉದ್ಯೋಗ ಪಡೆದವರೆಷ್ಟು, ದಿನವೂ ರೈಲು ಹತ್ತಿ ಹೊರಗೆ ಹೋಗುವವರೆಷ್ಟು ಎಂಬ ಎರಡು ಅಂಕಿಗಳೂ ಇರಬೇಕು. ಮೊದಲನೆಯದನ್ನು ಭವಿಷ್ಯ ನಿಧಿ ಕಚೇರಿಯ ದಾಖಲೆಗಳಿಂದ ಅಂದಾಜು ಮಾಡಬಹುದು. ಎರಡನೆಯದಕ್ಕೆ ಮಾರಿಕುಪ್ಪಂನಿಂದ ಬಂಗಾರಪೇಟೆವರೆಗಿನ ನಿಲ್ದಾಣಗಳಲ್ಲಿ ಮಾರಾಟವಾಗುವ ಸೀಸನ್ ಟಿಕೆಟ್ಟುಗಳ ಲೆಕ್ಕ ರೈಲ್ವೆ ಇಲಾಖೆಯ ಬಳಿ ಇದೆ. ಮಾಹಿತಿ ಹಕ್ಕಿನ ಒಂದು ಅರ್ಜಿಗೆ ಹತ್ತು ರೂಪಾಯಿ ಶುಲ್ಕ.